ಒಂದೇ ಮನೆ ಕೊಂಡವನ ವೆಬ್‌ಸೈಟ್

“ಏನಪ್ಪಾ, ನಮ್ಮನೆ ನಿನ್ನ ಕಣ್ಣಿಗೆ ಕುರೂಪಿ ಹಾಗೆ ಕಾಣ್ಸುತ್ತಾ?”

ಫೋನಿನ ಆ ಕಡೆ ಇದ್ದವರು ಮೈಸೂರಿನ ಹಳೇ ಬಡಾವಣೆಯೊಂದರ ನಿವೃತ್ತ ಕನ್ನಡ ಮೇಷ್ಟ್ರು, ಹೆಂಗಸು. ಈ ಕಡೆ ಇದ್ದವನು ಮೂವತ್ತೊಂದು ವರ್ಷದ ಹುಡುಗ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಬಂತೆಂದರೆ ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ, ಮಾರುವ ಹೊಸ ಉಮೇದು. ಅವನ ವೆಬ್‌ಸೈಟ್ ತೆರೆದ ಕೂಡಲೇ ದಪ್ಪ ಅಕ್ಷರದಲ್ಲಿ ಹೀಗಿತ್ತು: “ನಾವು ಕುರೂಪಿ ಮನೆಗಳನ್ನು ನಗದಿಗೆ ಕೊಳ್ಳುತ್ತೇವೆ. ಯಾವುದೇ ಸ್ಥಿತಿ. 7 ದಿನಗಳಲ್ಲಿ ಮುಚ್ಚುತ್ತೇವೆ.”

ಆಕೆಗೆ ಇನ್ನೂ ಮೂರು ಪ್ರಶ್ನೆ ಇದ್ದವು. ‘ನಾವು’ ಅಂದರೆ ಯಾರ್ಯಾರು? ‘ನಗದು’ ಅಂದರೆ ಬ್ಲ್ಯಾಕಾ? ಏಳು ದಿನದಲ್ಲಿ ಏನನ್ನ ಮುಚ್ತೀಯ? ಹುಡುಗ ತಡವರಿಸಿದ. “ಯೋಚನೆ ಮಾಡಿ ಹೇಳ್ತೀನಪ್ಪ” ಎಂದು ಆಕೆ ಫೋನ್ ಇಟ್ಟರು. ಅದರ ಮಾರನೇ ವಾರ ಸೈಟಿನ ಬರಹ ತಿದ್ದಿಸಿಕೊಳ್ಳಲು ಅವನು ನಮ್ಮನೆಗೆ ಬಂದ.

ನಾನು ಬಹಳ ವರ್ಷ ಪತ್ರಿಕೆಯೊಂದರ ಕ್ಲಾಸಿಫೈಡ್ಸ್ ಮೇಜಿನಲ್ಲಿ ಕೂತವನು. ‘ಮನೆ ಮಾರಾಟಕ್ಕಿದೆ, ಪೂರ್ವ ದಿಕ್ಕು, ಬ್ರೋಕರ್‌ಗಳು ಬೇಡ’ ಎಂಬಂಥವನ್ನು ಎಷ್ಟು ಸಾವಿರ ತಿದ್ದಿದ್ದೇನೋ. ಪದ ಎಣಿಸಿ ದುಡ್ಡು ಕೊಡಬೇಕಾದಾಗ ಜನ ಸುಳ್ಳು ಹೇಳುವುದು ಕಡಿಮೆ. ಸುಳ್ಳಿಗೂ ಪದ ಬೇಕಲ್ಲ. ವೆಬ್‌ಸೈಟಿನಲ್ಲಿ ಪದ ಬಿಟ್ಟಿ. ಈ ಹುಡುಗ ಐದು ಪುಟ ತುಂಬಿಸಿದ್ದ.

ಅವನು ಮೋಸಗಾರನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಒಂದು ಟೆಂಪ್ಲೇಟ್ ಕೊಂಡು, ಅದರ ಇಂಗ್ಲಿಷನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿ ಹಾಕಿದ್ದ. ‘ಅಗ್ಲಿ ಹೌಸಸ್’ ಕೊಳ್ಳುತ್ತೇವೆ ಎನ್ನುವುದು ಹೋಮ್‌ವೆಸ್ಟರ್ಸ್ ಎಂಬ ಅಮೆರಿಕನ್ ಕಂಪನಿಯ ಘೋಷವಾಕ್ಯ. ಅಲ್ಲಿ ಅದು ರಸ್ತೆಬದಿಯ ಹಳದಿ ಫಲಕಗಳಲ್ಲಿ ಜನರಿಗೆ ರೂಢಿಯಾದ ಮಾತು, ಅವರ ಟ್ರೇಡ್‌ಮಾರ್ಕ್ ಕೂಡ. ಇಲ್ಲಿ, ಮದ್ರಾಸ್ ತಾರಸಿಯ ಕೆಳಗೆ ಐವತ್ತು ವರ್ಷ ಬಾಳಿದ ಹೆಂಗಸಿಗೆ ಅದು ಬೈಗುಳ. ಆ ಪುಟದ ಮೇಲಿನ ಚಿತ್ರದಲ್ಲಿ ಚಿಮಣಿ ಇರುವ ಮನೆ, ಹುಲ್ಲುಹಾಸು, ಕೈಕುಲುಕುತ್ತಿರುವ ಬಿಳಿಯ ದಂಪತಿ. ಚಾಮುಂಡಿಪುರಂನಲ್ಲಿ ಚಿಮಣಿ ಎಲ್ಲಿದೆ ತೋರಿಸು ಅಂದೆ. ನಕ್ಕ. ಚಿತ್ರ ಅಂದೇ ಹೋಯಿತು.

ಮಿಕ್ಕಿದ್ದು ಅಷ್ಟು ಸುಲಭಕ್ಕೆ ಹೋಗಲಿಲ್ಲ.

‘ನಗದು’ ಮತ್ತು ‘ಏಳು ದಿನ’

ಅಮೆರಿಕದಲ್ಲಿ ‘ಕ್ಯಾಶ್ ಬಯರ್’ ಎಂದರೆ ಬ್ಯಾಂಕ್ ಸಾಲಕ್ಕೆ ಕಾಯದೆ ಕೊಳ್ಳುವವನು. ಅಲ್ಲಿಯೂ ಹಣ ಹೋಗುವುದು ಬ್ಯಾಂಕ್ ಮೂಲಕವೇ. ಮಾರುವವನಿಗೆ ‘ಇವನ ಸಾಲ ಮಂಜೂರಾಗದೆ ಡೀಲು ಮುರಿದುಬೀಳುತ್ತದೆ’ ಎಂಬ ಭಯವಿಲ್ಲ, ಅಷ್ಟೇ ಅದರ ಅರ್ಥ. ನಮ್ಮಲ್ಲಿ ‘ಕ್ಯಾಶ್’ ಎಂದರೆ ಚೀಲ. ಕ್ರಯಪತ್ರದಲ್ಲಿ ಕಾಣದ ಅರ್ಧ. 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಪಡೆದವನ ಮೇಲೆ. ಅಂದರೆ ಹುಡುಗನ ತಲೆಬರಹವನ್ನು ನಂಬಿ ನಗದು ಇಸಿದುಕೊಂಡರೆ ಸಿಕ್ಕಿಬೀಳುವವರು ಆ ಮೇಷ್ಟ್ರು. ಇವನಿಗೆ ಇದು ಗೊತ್ತೇ ಇರಲಿಲ್ಲ. ಅವನ ಮೊದಲ ಮನೆಗೆ ಪೂರ್ತಿ ಹಣ ಕೊಟ್ಟಿದ್ದು ಬ್ಯಾಂಕ್ ಮೂಲಕ. ಮತ್ತೆ ‘ನಗದು’ ಎಂದು ಬರೆದದ್ದೇಕೆ? “ಎಲ್ಲ ಸೈಟಲ್ಲೂ ಹಾಗೇ ಇದೆ ಸಾರ್.”

‘ಮುಚ್ಚುತ್ತೇವೆ’ ಎಂಬುದು ‘ಕ್ಲೋಸ್’ ಎಂಬ ಪದದ ಕನ್ನಡವಂತೆ. ಅದನ್ನು ‘ರಿಜಿಸ್ಟ್ರೇಷನ್ ಮುಗಿಸುತ್ತೇವೆ’ ಎಂದು ತಿದ್ದಬಹುದಿತ್ತು. ಆದರೆ ಆಗ ಸುಳ್ಳು ಇನ್ನೂ ಚೊಕ್ಕಟವಾಗುತ್ತಿತ್ತು. ಅವನ ಮೊದಲ ಮನೆಯ ಕಥೆ ಕೇಳಿದೆ. ಮಾತು ಶುರುವಾದ ದಿನದಿಂದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವವರೆಗೆ ಐದು ತಿಂಗಳು. ಸಿಐಟಿಬಿ, ಅಂದರೆ ಮೈಸೂರಿನ ಹಳೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಕಾಲದ ಹಂಚಿಕೆ ಪತ್ರ ಇತ್ತು, ಆಮೇಲಿನದು ಇರಲಿಲ್ಲ. (1903ರಲ್ಲಿ ಹುಟ್ಟಿದ ಆ ಟ್ರಸ್ಟ್ ಬೋರ್ಡಿನ ಮೊಹರು ಇರುವ ಕಾಗದಗಳು ಮೈಸೂರಿನ ಟ್ರಂಕುಗಳಲ್ಲಿ ಇನ್ನೂ ಸಿಗುತ್ತವೆ, ನೋಡಲು ಚಂದ.) ಖಾತೆ ತಾತನ ಹೆಸರಲ್ಲೇ ಇತ್ತು. ವಂಶವೃಕ್ಷ ಬರೆಸಿದಾಗ ಇಬ್ಬರು ಗಂಡುಮಕ್ಕಳ ಪಕ್ಕದಲ್ಲಿ ಮೂವರು ಹೆಣ್ಣುಮಕ್ಕಳು ಬಂದರು. “ಅವರಿಗೆಲ್ಲ ಮದುವೆ ಮಾಡಿ ಕೊಟ್ಟಾಗಿದೆ, ಸಹಿ ಯಾಕೆ” ಅಂತ ಮನೆಯವರ ವಾದ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದ್ದಾಯಿತು, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದ್ದಬದ್ದ ಗೊಂದಲವನ್ನೂ ತೆಗೆದದ್ದಾಯಿತು. ಮೈಸೂರಿನ ಜಗುಲಿಗಳಿಗೆ ಸುದ್ದಿ ಇನ್ನೂ ಪೂರ್ತಿ ತಲುಪಿಲ್ಲ. ಆ ಮೂವರಲ್ಲಿ ಒಬ್ಬರು ನ್ಯೂಜೆರ್ಸಿಯಲ್ಲಿದ್ದರು. ಅವರು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಬೇಕು, ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಕಟ್ಟಬೇಕು.

ಇಷ್ಟೆಲ್ಲ ಅನುಭವಿಸಿದವನೇ ‘7 ದಿನ’ ಎಂದು ಬರೆದಿದ್ದಾನೆ! ತನ್ನ ಅನುಭವಕ್ಕಿಂತ ಟೆಂಪ್ಲೇಟಿನ ಮೇಲೆ ಹೆಚ್ಚು ನಂಬಿಕೆ.

‘ಯಾವುದೇ ಸ್ಥಿತಿಯ ಮನೆ’ ಎನ್ನುವುದೂ ಅಲ್ಲಿಂದಲೇ ಬಂದದ್ದು. ಅಲ್ಲಿ ಸ್ಥಿತಿ ಅಂದರೆ ಸೋರುವ ಸೂರು, ಹಾಳಾದ ಕೊಳಾಯಿ. ಮೈಸೂರಿನಲ್ಲಿ ಗೋಡೆ ಬಿರುಕು ಬಿಟ್ಟರೆ ಗಾರೆ ಕೆಲಸದವನು ಸಾಕು. ಬೆಲೆ ಇರುವುದು ನೆಲಕ್ಕೆ, ತೊಡಕಿರುವುದು ಕಾಗದದಲ್ಲಿ. ಕ್ರಯಪತ್ರವಿಲ್ಲದೆ ಜಿಪಿಎ (ಅಧಿಕಾರಪತ್ರ) ಮೇಲೆ ಮಾತ್ರ ಕೈ ಬದಲಾದ ಮನೆ, ದಾವೆ ಇರುವ ಮನೆ, ಭಾಗ ಆಗದ ಮನೆ, ಇವನ್ನು ಅವನು ಯಾವ ಕಾರಣಕ್ಕೂ ಕೊಳ್ಳುವುದಿಲ್ಲ. ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಅವನಿಗೂ ಗೊತ್ತು. ಹಾಗಾದರೆ ‘ಯಾವುದೇ ಸ್ಥಿತಿ’ ಅಲ್ಲ. ‘ಗೋಡೆ ಹೇಗಿದ್ದರೂ ನಡೆಯುತ್ತದೆ, ಕಾಗದ ಸರಿ ಇರಬೇಕು’ ಎಂದು ಬರೆದೆವು. ಇಡೀ ಸೈಟಿನಲ್ಲಿ ನನಗೆ ಇಷ್ಟವಾದ ವಾಕ್ಯ ಇದು, ಏಕೆಂದರೆ ಇದು ಅವನದೇ ಮಾತು.

ಶೇ 40 ಲಾಭ ಎಲ್ಲಿ ಹೋಯಿತು

‘ನಮ್ಮ ಬಗ್ಗೆ’ ಪುಟದಲ್ಲಿ ‘ಪರಿಣತರ ತಂಡ’, ‘ನೂರಾರು ಸಂತೃಪ್ತ ಕುಟುಂಬಗಳು’, ‘ಮೊದಲ ಡೀಲಿನಲ್ಲೇ ಶೇ 40 ಲಾಭ’. ತಂಡ ಯಾರು ಎಂದು ಕೇಳಿದೆ. ಅವನು, ಗಾರೆ ಮೇಸ್ತ್ರಿ, ಮತ್ತೆ ಹೆಂಡತಿ ಎಕ್ಸೆಲ್ ನೋಡಿಕೊಳ್ಳುತ್ತಾಳೆ. ಕುಟುಂಬ ಎಷ್ಟು ಅಂದೆ. ಒಂದು. ಅದೂ ಪೂರ್ತಿ ಸಂತೃಪ್ತವೋ ಇಲ್ಲವೋ, ನ್ಯೂಜೆರ್ಸಿಯವರನ್ನು ಯಾರೂ ಕೇಳಿಲ್ಲ.

ಶೇ 40 ಮಾತ್ರ ನಿಜ ಸಾರ್ ಅಂದ. ಲೆಕ್ಕ ಹಾಕೋಣ ಅಂದೆ. 2024ರಲ್ಲಿ ಕೊಂಡದ್ದು 62 ಲಕ್ಷಕ್ಕೆ, 14 ತಿಂಗಳ ಮೇಲೆ ಮಾರಿದ್ದು 87ಕ್ಕೆ. ವ್ಯತ್ಯಾಸ 25 ಲಕ್ಷ, 62ಕ್ಕೆ ಶೇ 40, ಸರಿ. ಈಗ ನಡುವಿನದು ಕಳೆಯುತ್ತಾ ಬಂದೆವು. ಮುದ್ರಾಂಕ, ಸೆಸ್, ನೋಂದಣಿ ಸೇರಿ ಆಗ ಶೇ 6.6, ಅಂದರೆ 4.1 ಲಕ್ಷ. ದುರಸ್ತಿಗೆ 11.5. ಫ್ಲ್ಯಾಟು ಅಡವಿಟ್ಟು ತಂದ 40 ಲಕ್ಷಕ್ಕೆ ಬಡ್ಡಿ 4.7. ವಕೀಲರು, ಕಂದಾಯ, ಓಡಾಟ 0.7. ಕೊಂಡದ್ದೂ ಸೇರಿ ಒಟ್ಟು 83. ಉಳಿದದ್ದು 4 ಲಕ್ಷ, ಅದೂ ಆದಾಯ ತೆರಿಗೆಗೆ ಮುಂಚೆ. ಅವನ ಸ್ವಂತ ದುಡ್ಡು 43 ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟು ಮಲಗಿದ್ದರೂ ಅಷ್ಟೇ ಸಮಯಕ್ಕೆ ಮೂರೂವರೆ ಬರುತ್ತಿತ್ತು. ಅರ್ಧ ಲಕ್ಷಕ್ಕೆ ಸುಮಾರು ಅರವತ್ತು ವಾರಾಂತ್ಯ ಸಿಮೆಂಟಿನ ಧೂಳು ಕುಡಿದಿದ್ದಾನೆ. ಮುಂದಿನ ಮನೆಗೆ ಲೆಕ್ಕ ಇನ್ನೂ ಬಿಗಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ.

ಅವನು ಸುಮಾರು ಹೊತ್ತು ಮಾತಾಡಲಿಲ್ಲ. ಕಾಫಿ ಆರಿಹೋಯಿತು.

ಆ ಶೇ 40ರಿಂದ ಇನ್ನೊಂದು ಪುಟ ಹುಟ್ಟಿತ್ತು: ‘ನಮ್ಮೊಂದಿಗೆ ಹೂಡಿಕೆ ಮಾಡಿ. ವರ್ಷಕ್ಕೆ ಶೇ 24 ಗ್ಯಾರಂಟಿ.’ ಕೆಳಗೆ ಹೆಸರು, ಫೋನ್ ನಂಬರು ತುಂಬುವ ಫಾರಂ. ಅದಕ್ಕೆ ನಾನು ಕೈ ಹಾಕಲೇ ಇಲ್ಲ, ವಕೀಲ ಗೆಳೆಯನಿಗೆ ಫೋನ್ ಮಾಡಿದೆ. ಅವನು ಓದಿಸಿಕೊಂಡು ಕೇಳಿದ್ದು ಒಂದೇ: “ಯಾರಾದ್ರೂ ದುಡ್ಡು ಕೊಟ್ಟಿದಾರಾ?” ಇಲ್ಲ ಅಂದಾಗ “ಸದ್ಯ, ದೇವರು ದೊಡ್ಡವನು, ಆ ಪುಟ ಇವತ್ತು ರಾತ್ರಿಯೇ ತೆಗೀರಿ” ಅಂದ. ನಿಯಂತ್ರಣವಿಲ್ಲದ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕೇಂದ್ರ ಕಾಯ್ದೆಯಲ್ಲಿ ದುಡ್ಡು ತೆಗೆದುಕೊಳ್ಳುವುದಷ್ಟೇ ಅಲ್ಲ, ಅದಕ್ಕಾಗಿ ಜಾಹೀರಾತು ಕೊಡುವುದೂ ನಿಷಿದ್ಧ. ಠೇವಣಿ ಕೇಳಿದ್ದಕ್ಕೇ ಒಂದರಿಂದ ಐದು ವರ್ಷ ಜೈಲು, ಎರಡರಿಂದ ಹತ್ತು ಲಕ್ಷ ದಂಡ. ಅಣ್ಣನ ಹತ್ತಿರ ಸಾಲ ಮಾಡುವುದಕ್ಕೆ ಆ ಕಾಯ್ದೆ ಅಡ್ಡ ಬರುವುದಿಲ್ಲ. ಊರಿಗೆಲ್ಲ ಡಂಗುರ ಹೊಡೆದು ನಿಶ್ಚಿತ ಬಡ್ಡಿ ಕೊಡುತ್ತೇನೆ ಅನ್ನುವುದು ಬೇರೆ. 2019ರ ಜೂನ್‌ನಲ್ಲಿ ಹೂಡಿಕೆ ಕಂಪನಿ ಐಎಂಎ ಕುಸಿದಾಗ ಬೆಂಗಳೂರಿನ ಶಿವಾಜಿನಗರದ ಕಚೇರಿ ಮುಂದೆ ಅಳುತ್ತಾ ನಿಂತ ಜನರನ್ನು ಟಿವಿಯಲ್ಲಿ ನೋಡಿದ ಯಾರೂ ‘ಗ್ಯಾರಂಟಿ’ ಎಂಬ ಪದವನ್ನು ಲಘುವಾಗಿ ಬರೆಯಬಾರದು. (ಈಗ ಆ ಪದ ಸರ್ಕಾರದ್ದೂ ಆಗಿಬಿಟ್ಟಿದೆ, ಅದು ಬೇರೆ ಮಾತು.) ಆ ಪುಟವನ್ನು ಪ್ರಾಮಾಣಿಕವಾಗಿ ತಿದ್ದಿ ಬರೆಯಲು ದಾರಿಯೇ ಇರಲಿಲ್ಲ. ಅಳಿಸಿದೆವು.

ಇನ್ನು ಮೂಲೆಯಲ್ಲೊಂದು ‘ರೇರಾ ಅನುಮೋದಿತ’ ಎಂಬ ಮುದ್ರೆ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಯಾರನ್ನೂ ಅನುಮೋದಿಸುವುದಿಲ್ಲ, ನೋಂದಾಯಿಸುತ್ತದೆ. ನೋಂದಣಿ ಬೇಕಾಗುವುದು ನಿಗದಿತ ಮಿತಿಗಿಂತ ದೊಡ್ಡದಾದ ಹೊಸ ಯೋಜನೆಗೆ, ಮತ್ತು ಅಂಥ ಯೋಜನೆಯ ಸೈಟು, ಮನೆ ಮಾರಿಸಿಕೊಡುವ ಏಜೆಂಟರಿಗೆ. ಒಂದು ಹಳೇ ಮನೆ ಕೊಂಡು ಮಾರುವವನಿಗೆ ಆ ಪ್ರಶ್ನೆಯೇ ಬರುವುದಿಲ್ಲ. ಆದರೆ ಅದೇ ಸೈಟಿನಲ್ಲಿ ಗೆಳೆಯನ ಲೇಔಟ್ ಒಂದರ ಚಿತ್ರವನ್ನೂ ಹಾಕಿ ‘ಬುಕಿಂಗ್‌ಗೆ ಸಂಪರ್ಕಿಸಿ’ ಅಂದಿದ್ದ. ಅಲ್ಲಿಗೆ ಅವನು ಏಜೆಂಟ್ ಆದ, ನೋಂದಣಿ ಇಲ್ಲದ ಏಜೆಂಟ್. ಮುದ್ರೆಯೂ ಹೋಯಿತು, ಲೇಔಟೂ ಹೋಯಿತು. ‘ಈ ಬೆಲೆ ಇನ್ನು 23 ಗಂಟೆ ಮಾತ್ರ’ ಎಂದು ಓಡುತ್ತಿದ್ದ ಗಡಿಯಾರವೂ ಹೋಯಿತು. ಪುಟ ಮತ್ತೆ ತೆರೆದರೆ ಅದು ಮತ್ತೆ 23ರಿಂದಲೇ ಶುರು. ಇಂಥ ಸುಳ್ಳು ತುರ್ತನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ಹದಿಮೂರು ‘ಡಾರ್ಕ್ ಪ್ಯಾಟರ್ನ್’ಗಳ ಸಾಲಿಗೆ ಸೇರಿಸಿದೆ.

ಜಗಳ ಆದ ವಾಕ್ಯ

ಇಷ್ಟಕ್ಕೆಲ್ಲ ಅವನು ಒಪ್ಪಿದ. ಒಪ್ಪದೆ ಕೂತದ್ದು ಒಂದೇ ವಾಕ್ಯಕ್ಕೆ.

ಹಳೆಯ ಸೈಟಿನಲ್ಲಿ ‘ಮಾರುಕಟ್ಟೆಯಲ್ಲೇ ಅತಿ ಹೆಚ್ಚು ಬೆಲೆ’ ಎಂದಿತ್ತು. ಅವನ ವ್ಯಾಪಾರವೇ ಇದಕ್ಕೆ ತಿರುಗುಮುರುಗು. ವಾಸಕ್ಕೆ ಕೊಳ್ಳುವ ಕುಟುಂಬ ಕೊಡುವುದಕ್ಕಿಂತ ಕಮ್ಮಿಗೆ ಕೊಂಡರೆ ಮಾತ್ರ ಇವನಿಗೆ ದುರಸ್ತಿ, ಬಡ್ಡಿ, ಮುದ್ರಾಂಕ ಕಳೆದು ಏನಾದರೂ ಉಳಿದೀತು. ಹಾಗಾದರೆ ಅದನ್ನೇ ಬರೆಯಬೇಕು ಅಂದೆ: ‘ನನ್ನ ಬೆಲೆ, ವಾಸಕ್ಕೆ ಕೊಳ್ಳುವವರು ಕೊಡುವ ಬೆಲೆಗಿಂತ ಕಡಿಮೆ ಇರುತ್ತದೆ.’

“ಇದನ್ನ ಓದಿದ ಮೇಲೆ ಯಾರು ಸಾರ್ ಫೋನ್ ಮಾಡ್ತಾರೆ?”

“ನೀನು ಆ ಮೇಷ್ಟ್ರ ಮನೇಲಿ ಕೂತಾಗ, ಪಕ್ಕದ ಮನೆಯವರು ಬಂದು ‘ಇನ್ನೂ ಹತ್ತು ಲಕ್ಷ ಜಾಸ್ತಿಗೆ ಹೋಗುತ್ತೆ’ ಅಂದರೆ ಏನು ಹೇಳ್ತೀಯ?”

“ಹೌದು, ಹೋಗಬಹುದು. ಆದರೆ ಆರು ತಿಂಗಳು ಬ್ರೋಕರ್‌ಗಳನ್ನ ಮನೆ ಒಳಗೆ ಬಿಟ್ಕೊಬೇಕು, ಎರಡು ಪರ್ಸೆಂಟ್ ಕಮಿಷನ್ ಕೊಡಬೇಕು, ಕಾಗದ ನೀವೇ ಸರಿ ಮಾಡಿಸಬೇಕು, ಮನೆ ಸುಣ್ಣಬಣ್ಣ ಮಾಡಿಸಬೇಕು ಅಂತೀನಿ.”

“ಅದನ್ನೇ ಬರಿ.”

ಒಂದು ವಾರ ಅವನು ಬರಲಿಲ್ಲ. ನಾನೂ ಬಿಟ್ಟೆ ಅಂದುಕೊಂಡೆ. ಆ ವಾರದಲ್ಲಿ ವಕೀಲ ಗೆಳೆಯ ಅವನಿಗೆ ಎರಡು ಹಳೇ ಕಾಯ್ದೆಗಳ ಪಾಠ ಮಾಡಿದ್ದನಂತೆ. 1872ರ ಒಪ್ಪಂದ ಕಾಯ್ದೆ: ತಪ್ಪು ಮಾಹಿತಿ ನಂಬಿ ಒಪ್ಪಿದವರು ಆ ಒಪ್ಪಂದವನ್ನು ರದ್ದು ಮಾಡಿಸಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ: ಮಾರುವವನು ತನಗೆ ಗೊತ್ತಿರುವ, ಕೊಳ್ಳುವವನ ಕಣ್ಣಿಗೆ ಸುಲಭಕ್ಕೆ ಬೀಳದ ಲೋಪವನ್ನು ಹೇಳಲೇಬೇಕು. ಹುಡುಗ ಮೊದಲು ಕೊಳ್ಳುವವನು, ಆಮೇಲೆ ಮಾರುವವನು. ಎರಡೂ ತುದಿಯಲ್ಲಿ ಅವನ ಸೈಟಿನ ಸ್ಕ್ರೀನ್‌ಶಾಟ್ ಯಾರ ಕೈಯಲ್ಲಾದರೂ ಇರುತ್ತದೆ.

ನನಗೇನೋ ಅವನನ್ನು ಒಪ್ಪಿಸಿದ್ದು ಕಾಯ್ದೆಯಲ್ಲ ಅನ್ನಿಸುತ್ತದೆ. ವಾಪಸ್ ಬಂದಾಗ ಅವನು ಹೇಳಿದ್ದು ಇದು: “ಸಾರ್, ಅಮ್ಮನ ತವರುಮನೆ ಮಾರಿದ್ದು ನೆನಪಾಯ್ತು. ಕೊಂಡೋನು ‘ಜಾಸ್ತಿ ಕೊಟ್ಟಿದೀನಿ’ ಅಂತಲೇ ಹೇಳಿದ್ದ. ಎರಡು ವರ್ಷಕ್ಕೆ ಒಂದೂವರೆ ಪಟ್ಟಿಗೆ ಮಾರಿದ. ಅಮ್ಮ ಇವತ್ತಿಗೂ ಅವನನ್ನ ಬೈತಾರೆ. ದುಡ್ಡಿಗಲ್ಲ, ಆ ಮಾತಿಗೆ.”

ಇನ್ನೊಂದನ್ನು ಅವನೇ ಬಾಯಿಬಿಟ್ಟ. ಕೆಲವು ಮನೆಗಳಿಗೆ ಟೋಕನ್ ಕೊಟ್ಟು ಅಗ್ರಿಮೆಂಟ್ ಹಾಕಿಕೊಂಡು, ತಾನು ಕೊಳ್ಳದೆ ಬೇರೆ ಪಾರ್ಟಿಗೆ ದಾಟಿಸಿ ನಡುವಿನ ದುಡ್ಡು ಇಟ್ಟುಕೊಳ್ಳುವ ಯೋಚನೆ ಇತ್ತಂತೆ. ನಮ್ಮ ಅಗ್ರಿಮೆಂಟುಗಳಲ್ಲಿ ‘ಖರೀದಿದಾರರ ಅಥವಾ ಅವರು ಸೂಚಿಸಿದವರ ಹೆಸರಿಗೆ’ ಎಂದು ಒಂದು ಸಾಲು ಸದ್ದಿಲ್ಲದೆ ಕೂತಿರುತ್ತದಲ್ಲ, ಅದರ ಬಲದ ಮೇಲೆ. ಅಮೆರಿಕದಲ್ಲಿ ಇದಕ್ಕೆ ಹೋಲ್‌ಸೇಲಿಂಗ್ ಎಂಬ ಹೆಸರಿದೆ. ಅಲ್ಲಿನ ಇಲಿನಾಯ್ ರಾಜ್ಯ 2019ರಲ್ಲಿ, ಓಕ್ಲಹೋಮ ರಾಜ್ಯ 2021ರಲ್ಲಿ ಅದಕ್ಕೆ ಲೈಸೆನ್ಸಿನ ಕಡಿವಾಣ ಹಾಕಿದವು. ಅವನ ಟೆಂಪ್ಲೇಟ್ ಹುಟ್ಟಿದ ದೇಶದಲ್ಲೇ ‘ನಾವು ಕೊಳ್ಳುತ್ತೇವೆ’ ಎನ್ನುವ ಮಾತು ಎಷ್ಟೋ ಸಲ ನಿಜವಲ್ಲ ಎಂದಾಯಿತು. ಕೊಳ್ಳುವ ಉದ್ದೇಶವಿಲ್ಲದೆ ‘ಕೊಳ್ಳುತ್ತೇನೆ’ ಅನ್ನಬೇಡ, ದಾಟಿಸುವುದಾದರೆ ಮೊದಲ ದಿನವೇ ಹೇಳು ಅಂದೆ. ದಾಟಿಸುವುದನ್ನೇ ಬಿಟ್ಟ.

ಕೊನೆಗೆ ಐದು ಪುಟ ಒಂದಾಯಿತು. ಮೇಲೆ ಅವನದೇ ಫೋಟೋ, ದುರಸ್ತಿ ಮಾಡಿಸಿದ ಮನೆಯ ಮುಂದೆ, ಮೇಸ್ತ್ರಿಯ ಜೊತೆ. ಕೆಳಗೆ ಹೀಗೆ:

“ಮೈಸೂರಿನಲ್ಲಿ ಹಳೇ ಮನೆ ಕೊಂಡು, ದುರಸ್ತಿ ಮಾಡಿಸಿ, ಮಾರುತ್ತೇನೆ. ಈವರೆಗೆ ಹಾಗೆ ಕೊಂಡು ಮಾರಿರುವುದು 1 ಮನೆ. ನಾನು ಬ್ರೋಕರ್ ಅಲ್ಲ, ನಿಮ್ಮ ಪರವಾಗಿ ಮಾತಾಡುವವನೂ ಅಲ್ಲ. ಕೊಳ್ಳುವವನು. ಆದ್ದರಿಂದ ಸಹಿ ಹಾಕುವ ಮುಂಚೆ ನಿಮ್ಮ ಕಡೆಯ ವಕೀಲರಿಗೆ ಒಮ್ಮೆ ತೋರಿಸಿ.

ನನ್ನ ಬೆಲೆ, ವಾಸಕ್ಕೆ ಕೊಳ್ಳುವವರು ಕೊಡುವ ಬೆಲೆಗಿಂತ ಕಡಿಮೆ ಇರುತ್ತದೆ. ಅದಕ್ಕೆ ಬದಲಾಗಿ ನಿಮಗೆ ಸಿಗುವುದು: ಕಮಿಷನ್ ಇಲ್ಲ, ಸುಣ್ಣಬಣ್ಣ ಬೇಡ, ಇ.ಸಿ. (ಋಣಭಾರ ಪತ್ರ), ಖಾತೆ, ವಂಶವೃಕ್ಷಕ್ಕೆ ಓಡಾಡುವುದು ನಾನು. ಕಾಯಲು ಸಮಯವಿದ್ದು, ಓಡಾಡಲು ಜನ ಇದ್ದರೆ ನೀವೇ ನೇರವಾಗಿ ಮಾರುವುದು ಲಾಭ.

ಗೋಡೆ ಹೇಗಿದ್ದರೂ ನಡೆಯುತ್ತದೆ, ಕಾಗದ ಸರಿ ಇರಬೇಕು. ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಬೇಕು. ಮೊದಲ ಮನೆಗೆ ಐದು ತಿಂಗಳು ಹಿಡಿಯಿತು. ಪೂರ್ತಿ ಹಣ ಬ್ಯಾಂಕ್ ಮೂಲಕ, ಪೂರ್ತಿ ಬೆಲೆ ಕ್ರಯಪತ್ರದಲ್ಲಿ. ಅರ್ಧ ಹಣ ಸಾಲ ತಂದು ಕೊಳ್ಳುತ್ತೇನೆ. ಆ ಸಾಲ ಮಂಜೂರಾದ ಪತ್ರ ತೋರಿಸಿದ ಮೇಲೆಯೇ ಅಗ್ರಿಮೆಂಟ್.”

‘ಅರ್ಧ ಹಣ ಸಾಲ’ ಎಂಬುದನ್ನು ಸೇರಿಸಿದ್ದು ಅವನು, ನಾನಲ್ಲ.

ಇದಾದ ಮೇಲೆ ಫೋನುಗಳು ಕಡಿಮೆಯಾದವು. ಮೂರು ತಿಂಗಳಲ್ಲಿ ಹನ್ನೊಂದು ಬಂದವು, ಅದರಲ್ಲಿ ಏಳು ಬ್ರೋಕರ್‌ಗಳದ್ದು. ಒಬ್ಬರು ಬೆಲೆಯ ಸಾಲನ್ನು ಓದಿಯೇ ಫೋನ್ ಮಾಡಿ, ಕಡಿಮೆ ಅಂದರೆ ಎಷ್ಟು ಕಡಿಮೆ ಎಂದು ನೇರವಾಗಿ ಕೇಳಿದರಂತೆ. ಚೌಕಾಸಿ ಅಲ್ಲಿಂದಲೇ ಶುರುವಾಯಿತು, ಮಧ್ಯೆ ಬಿಸಿ ಮಾತೂ ಆಯಿತು. ಹಳೇ ಸೈಟು ನೋಡಿ ಬಂದವರ ಜೊತೆ ಅವನ ಮೊದಲ ಅರ್ಧ ಗಂಟೆ ‘ಅದು ಹಾಗಲ್ಲ ಮೇಡಂ’ ಎಂದು ಬಿಡಿಸಿ ಹೇಳುವುದರಲ್ಲೇ ಕಳೆಯುತ್ತಿತ್ತು, ಈಗ ಅದು ಉಳಿದಿದೆ.

ಆ ಮೇಷ್ಟ್ರಿಗೆ ಅವನೇ ಫೋನ್ ಮಾಡಿ ‘ಕುರೂಪಿ’ಗೆ ಕ್ಷಮೆ ಕೇಳಿದ. ಆಕೆ ಮನೆ ಮಾರುವುದಿಲ್ಲವಂತೆ, ತಂಗಿ ಮಗ ಬಂದು ಇರುತ್ತಾನಂತೆ. ಆದರೆ ಹೊಸ ಪುಟ ಓದಿ ಮೂರು ಕಾಗುಣಿತದ ತಪ್ಪು ಗುರುತು ಮಾಡಿ ವಾಟ್ಸ್‌ಆ್ಯಪ್ ಕಳಿಸಿದರು. ಅದರಲ್ಲಿ ಎರಡು ನನ್ನವು.

ಹೋದ ವಾರ ಅವನ ಫೋನ್ ಬಂತು. “ಸಾರ್, ಸೈಟಲ್ಲಿ 1 ಅಂತ ಇದೆಯಲ್ಲ, 2 ಮಾಡ್ಲಾ?”

“ರಿಜಿಸ್ಟ್ರೇಷನ್ ಆಯ್ತಾ?”

“ಇಲ್ಲ. ಅಗ್ರಿಮೆಂಟ್ ಆಗಿದೆ, ಒಬ್ಬ ಮಗಳ ಸಹಿ ಬಾಕಿ ಇದೆ.”

“ಹಾಗಾದ್ರೆ 1 ಇರ್ಲಿ ಬಿಡು.”

“ಹಾಗೇ ಅಂತೀರ ಅಂತ ಗೊತ್ತಿತ್ತು,” ಅಂದ.